ದ್ವೀಪದ ದಾರಿಯಲ್ಲಿ ಒಂದು ಹಗಲು: ಬೇಸಿಗೆ, ಸೈಕಲ್ ಮತ್ತು ದೇಹದ ಎಚ್ಚರ

ಶರಣರು ಕಾಯವನ್ನು ಹೇಯವೆಂದು ಕಾಣಲಿಲ್ಲ. ಲಿಂಗವನ್ನು ಧರಿಸುವ ಎಡೆಯೆಂದು, ಕಾಯಕವನ್ನು ನಡೆಸುವ ಸಾಧನವೆಂದು ಅದನ್ನು ಗೌರವಿಸಿದರು. ಹೀಗಿರುವಾಗ ಶರೀರದ ಆರೈಕೆಯೂ ನಮಗೆ ಪೂಜೆಯ ಒಂದು ಅಂಗವೇ ಆಗಬೇಕು. ಆದರೆ ಬೇಸಿಗೆ ಬಂದೊಡನೆ ನಮ್ಮಲ್ಲಿ ಎರಡು ಅತಿಗಳು ತಲೆದೋರುತ್ತವೆ. ಕೆಲವರು ಬಿಸಿಲಿಗೆ ಅಂಜಿ ಎರಡು ತಿಂಗಳ ಕಾಲ ಫ್ಯಾನಿನ ಕೆಳಗಿನಿಂದ ಏಳುವುದೇ ಇಲ್ಲ. ಇನ್ನು ಕೆಲವರು ವರ್ಷವಿಡೀ ಮೈ ಬಗ್ಗಿಸದೆ ಇದ್ದು, ಮಕ್ಕಳ ರಜೆಯ ಪ್ರವಾಸದಲ್ಲಿ ಒಮ್ಮೆಲೇ ಉರಿಬಿಸಿಲಿನಲ್ಲಿ ಸುತ್ತಿ ಆಸ್ಪತ್ರೆ ಸೇರುತ್ತಾರೆ. ಇವೆರಡರ ನಡುವೆ ಮಿತವಾದ ಶ್ರಮದ ಹಾದಿಯೊಂದಿದೆ. ಆ ಹಾದಿಯನ್ನು ಅರಸಿ ಕಳೆದ ಬೇಸಿಗೆಯಲ್ಲಿ ನಾವು ಎಂಟು ಮಂದಿ ಶ್ರೀರಂಗಪಟ್ಟಣದ ದ್ವೀಪವನ್ನು ಸೈಕಲ್ಲಿನಲ್ಲಿ ಸುತ್ತಿ ಬಂದೆವು. ಆ ಒಂದು ಹಗಲಿನ ಅನುಭವವನ್ನು ಆರೋಗ್ಯದ ದೃಷ್ಟಿಯಿಂದ ಇಲ್ಲಿ ನಿವೇದಿಸುತ್ತಿದ್ದೇವೆ.

ಕಾವೇರಿಯ ನಡುವಿನ ನೆಲ

ಶ್ರೀರಂಗಪಟ್ಟಣವನ್ನು ನಾವೆಲ್ಲರೂ ಊರೆಂದು ಬಲ್ಲೆವು. ಅದು ದ್ವೀಪವೆಂಬುದು ಅನೇಕ ವೇಳೆ ಮರೆತುಹೋಗುತ್ತದೆ. ರೈಲಿನಲ್ಲಿಯೋ ಬಸ್ಸಿನಲ್ಲಿಯೋ ಮೈಸೂರಿಗೆ ಹೋಗುವವರು ಎರಡು ಸೇತುವೆಗಳನ್ನು ದಾಟುತ್ತಾರೆ. ಆ ಎರಡು ಸೇತುವೆಗಳ ನಡುವಿನ ನೆಲವೇ ಈ ದ್ವೀಪ. ಪಶ್ಚಿಮದಲ್ಲಿ ಕಾವೇರಿ ಎರಡಾಗಿ ಕವಲೊಡೆದು, ಪೂರ್ವದ ಸಂಗಮದಲ್ಲಿ ಮತ್ತೆ ಒಂದಾಗುತ್ತಾಳೆ. ದ್ವೀಪದ ಉದ್ದ ಸುಮಾರು ಐದು ಕಿಲೋಮೀಟರು, ಅಗಲ ಅದಕ್ಕಿಂತ ಬಹಳ ಕಡಿಮೆ. ಪಶ್ಚಿಮದ ತುದಿಯಲ್ಲಿ ಕೋಟೆ, ನಡುವೆ ದರಿಯಾ ದೌಲತ್ ಮತ್ತು ಗಂಜಾಂ, ಪೂರ್ವದಲ್ಲಿ ಗುಂಬಜ್ ಹಾಗೂ ಸಂಗಮ. ಎಲ್ಲವನ್ನೂ ನೋಡಿ ಮರಳಿದರೆ ಸುಮಾರು ಹದಿನೈದು ಕಿಲೋಮೀಟರಿನ ಸವಾರಿ. ದಾರಿಯಲ್ಲಿ ಕಡಿದಾದ ಏರುಗಳಿಲ್ಲ. ಕಾಲ್ನಡಿಗೆಗೆ ಹೆಚ್ಚಾಗುವ, ಕಾರಿಗೆ ಕಡಿಮೆಯಾಗುವ ಈ ದೂರ ಸೈಕಲ್ಲಿಗೆ ಹೇಳಿ ಮಾಡಿಸಿದಂತಿದೆ.

ಸೈಕಲ್ಲೇ ಏಕೆ?

ನಮ್ಮ ಬಳಗದಲ್ಲಿ ಇಬ್ಬರು ವಿದ್ಯಾರ್ಥಿಗಳು, ಒಬ್ಬ ವೈದ್ಯರು, ಐವತ್ತು ದಾಟಿದ ಮೂವರು ಹಾಗೂ ನಿವೃತ್ತ ಶಾಲಾ ಶಿಕ್ಷಕರೊಬ್ಬರು ಮತ್ತು ಅವರ ಧರ್ಮಪತ್ನಿ ಇದ್ದರು. ಶಿಕ್ಷಕರಿಗೆ ಅರವತ್ನಾಲ್ಕು ವರ್ಷ. ಹದಿನೈದು ವರ್ಷಗಳಿಂದ ಮಧುಮೇಹ. ಮಂಡಿನೋವಿನಿಂದ ಬಹುದೂರ ನಡೆಯಲಾರೆನೆಂಬ ಕೊರಗು ಅವರದು. ನಡೆಯುವಾಗ ಮೈಯ ಭಾರವೆಲ್ಲ ಮಂಡಿಯ ಮೇಲೆ ಬೀಳುತ್ತದೆ. ಸೈಕಲ್ಲಿನಲ್ಲಾದರೋ ಆ ಭಾರದ ಬಹುಪಾಲನ್ನು ಸೀಟು ಹೊರುತ್ತದೆ. ಕೀಲಿಗೆ ಪೆಟ್ಟಾಗದೆ ತೊಡೆಯ ಸ್ನಾಯುಗಳಿಗೆ, ಹೃದಯಕ್ಕೆ, ಶ್ವಾಸಕೋಶಗಳಿಗೆ ವ್ಯಾಯಾಮ ದೊರೆಯುತ್ತದೆ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ತೀವ್ರತೆಯ ಶ್ರಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಮತಟ್ಟು ದಾರಿಯಲ್ಲಿ ನಿಧಾನವಾಗಿ ಸೈಕಲ್ ತುಳಿಯುವುದು ಅಂತಹ ಶ್ರಮವೇ ಸರಿ.

ಮಧ್ಯಮ ತೀವ್ರತೆ ಎಂದರೇನು ಎಂಬುದನ್ನು ಅಳೆಯಲು ಯಂತ್ರ ಬೇಕಿಲ್ಲ. ತುಳಿಯುತ್ತಿರುವಾಗ ಪಕ್ಕದವರೊಡನೆ ಮಾತನಾಡಲು ಆಗಬೇಕು, ಆದರೆ ವಚನವೊಂದನ್ನು ರಾಗವಾಗಿ ಹಾಡಲು ಉಸಿರು ಸಾಲಬಾರದು. ಮಾತೂ ತುಂಡಾಗುತ್ತಿದ್ದರೆ ವೇಗ ಹೆಚ್ಚಾಯಿತೆಂದು ತಿಳಿದು ನಿಧಾನಿಸಬೇಕು.

ಮುಂಜಾನೆಯ ಸವಾರಿ

ನಸುಕಿನಲ್ಲಿ ಸ್ನಾನ, ಇಷ್ಟಲಿಂಗ ಪೂಜೆಗಳನ್ನು ಮುಗಿಸಿ, ಸೈಕಲ್ಲುಗಳನ್ನು ಗೂಡ್ಸ್ ಆಟೋವೊಂದರಲ್ಲಿ ಹೇರಿಕೊಂಡು ಮೈಸೂರಿನಿಂದ ಹೊರಟ ನಾವು ಆರು ಗಂಟೆಗೆ ಕೋಟೆಯ ಬಳಿ ಇಳಿದೆವು. ಮುಂದಕ್ಕೆ ಬಾಗಿ ತುಳಿಯುವಾಗ ಕರಡಿಗೆ ತೂಗಾಡಿ ಎದೆಗೆ ತಾಗದಂತೆ ಶಿವದಾರವನ್ನು ತುಸು ಗಿಡ್ಡ ಮಾಡಿಕೊಂಡೆವು. ಸೀಟಿನ ಎತ್ತರವನ್ನು ಒಬ್ಬೊಬ್ಬರಿಗೂ ಸರಿಪಡಿಸಿದೆವು. ಪೆಡಲು ಅತಿ ಕೆಳಗಿರುವಾಗ ಮಂಡಿ ಸ್ವಲ್ಪವೇ ಮಡಿಚಿರಬೇಕು. ಸೀಟು ತೀರ ತಗ್ಗಾದರೆ ಮಂಡಿನೋವು ಶಮನವಾಗುವ ಬದಲು ಹೆಚ್ಚುತ್ತದೆ.

ಆ ಹೊತ್ತಿನಲ್ಲಿ ಕೋಟೆಯ ಬೀದಿಗಳು ತಂಪಾಗಿದ್ದವು. ಒಂಬತ್ತನೆಯ ಶತಮಾನದ ಹಿನ್ನೆಲೆಯುಳ್ಳ ಶ್ರೀರಂಗನಾಥನ ದೇವಾಲಯ, ಗಂಗಾಧರೇಶ್ವರನ ಗುಡಿ, ಎರಡು ಮಿನಾರುಗಳ ಜಾಮಿಯಾ ಮಸೀದಿ, ಇವೆಲ್ಲ ಒಂದೆರಡು ಕಿಲೋಮೀಟರಿನೊಳಗೇ ಇವೆ. ಕೋಟೆಯ ಗೋಡೆಯಿಂದ ಇಣುಕಿದರೆ ಬೇಸಿಗೆಯ ಕಾವೇರಿ ಬಂಡೆಗಳ ನಡುವೆ ಸಣ್ಣದಾಗಿ ಹರಿಯುತ್ತಿದ್ದಳು. ಈ ಕೋಟೆಯ ಭಾಗ್ಯವನ್ನು ನಿರ್ಧರಿಸಿದ್ದೂ ಬೇಸಿಗೆಯೇ. 1799ರ ಮೇ 4ರಂದು ಇಂಗ್ಲಿಷರ ಸೈನ್ಯ ಮಳೆಗಾಲದ ಪ್ರವಾಹ ಬರುವ ಮುನ್ನ ಇಳಿದಿದ್ದ ನೀರಿನಲ್ಲಿ ನಡೆದೇ ನದಿಯನ್ನು ದಾಟಿತು. ಉರಿಬಿಸಿಲಿನಲ್ಲಿ ಕಾವಲು ಸಡಿಲವಾಗಿರುವುದೆಂಬ ಎಣಿಕೆಯಿಂದ ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಏರಿಹೋಯಿತು. ಅದೇ ದಿನ ಟಿಪ್ಪು ಸುಲ್ತಾನ್ ಹೋರಾಡುತ್ತ ಮಡಿದರು. ನಡುಹಗಲಿನ ಬಿಸಿಲು ಮನುಷ್ಯನನ್ನು ಮಂಕಾಗಿಸುತ್ತದೆ ಎಂಬುದನ್ನು ಸೇನಾಪತಿಗಳೂ ಲೆಕ್ಕಕ್ಕೆ ಹಿಡಿದಿದ್ದರು.

ಹಿಂದೊಮ್ಮೆ ಜ್ವರದ ನೆಲ

ಎಂಟೂವರೆಗೆ ಇಡ್ಲಿಯ ಉಪಾಹಾರ ಮುಗಿಸಿ ಪೂರ್ವಕ್ಕೆ ಹೊರಟೆವು. 1784ರಲ್ಲಿ ನಿರ್ಮಾಣವಾದ ದರಿಯಾ ದೌಲತ್ ಬಾಗಿನ ತೇಗದ ಅರಮನೆ ಬೇಸಿಗೆಯ ವಾಸಕ್ಕೆಂದೇ ಕಟ್ಟಿದ್ದು. ಅಗಲವಾದ ಜಗಲಿ, ಮರದ ಕಂಬಗಳು, ಸುತ್ತ ತೋಟ, ಹಿಂದೆ ನದಿ. ವಿದ್ಯುತ್ತಿಲ್ಲದ ಕಾಲದಲ್ಲಿ ತಂಪನ್ನು ಹೇಗೆ ಸಾಧಿಸುತ್ತಿದ್ದರೆಂಬುದಕ್ಕೆ ಇದೊಂದು ಪಾಠ. ಅಲ್ಲಿಂದ ಮುಂದೆ ಗಂಜಾಂ.

ಇಷ್ಟು ಸುಂದರವಾದ ದ್ವೀಪ ಒಂದು ಕಾಲದಲ್ಲಿ ರೋಗಕ್ಕೆ ಹೆಸರಾಗಿತ್ತು. 1799ರ ಬಳಿಕ ಇಲ್ಲಿ ನೆಲೆಸಿದ ಇಂಗ್ಲಿಷರ ದಂಡು ಜ್ವರದಿಂದ ಪದೇ ಪದೇ ನರಳಿತು. ಕೊನೆಗೆ ಆ ಪಾಳೆಯವನ್ನೇ ಇಲ್ಲಿಂದ ಎಬ್ಬಿಸಿ ಬೆಂಗಳೂರಿಗೆ ಸಾಗಿಸಲಾಯಿತು. 1809ರಲ್ಲಿ ಆರಂಭವಾದ ಬೆಂಗಳೂರಿನ ದಂಡುಪ್ರದೇಶದ ಹಿಂದೆ ಈ ದ್ವೀಪದ ಜ್ವರವಿದೆ. ಕೆಟ್ಟ ಗಾಳಿಯಿಂದ ಜ್ವರ ಬರುತ್ತದೆಂದು ಅಂದು ನಂಬಿದ್ದರು. ಮಲೇರಿಯಾ ಎಂಬ ಪದದ ಅರ್ಥವೇ ಕೆಟ್ಟ ಗಾಳಿ. ಸೊಳ್ಳೆಯೇ ಅದರ ವಾಹಕವೆಂಬುದು 1897ರಲ್ಲಿ ರೊನಾಲ್ಡ್ ರಾಸ್ ಅವರ ಸಂಶೋಧನೆಯಿಂದ ತಿಳಿಯಿತು. ಗಂಜಾಮಿನಲ್ಲಿ ಇಗರ್ಜಿಯನ್ನು ಕಟ್ಟಿಸಿದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಅವರು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸೀಮೆಯ ಜನರಿಗೆ ಸಿಡುಬಿನ ಲಸಿಕೆ ಹಾಕಿಸಲು ಶ್ರಮಿಸಿದವರು. ಲಸಿಕೆ, ಸೊಳ್ಳೆ ನಿಯಂತ್ರಣ, ಶುದ್ಧವಾದ ನೀರು, ಇವು ಬಂದ ಮೇಲೆಯೇ ಇಂತಹ ನೆಲದಲ್ಲಿ ನಾವು ನಿಶ್ಚಿಂತೆಯಿಂದ ವಿಹರಿಸುವಂತಾಯಿತು. ಹಳೆಯ ಕಾಲದಲ್ಲಿ ಎಲ್ಲರೂ ಆರೋಗ್ಯವಾಗಿದ್ದರೆಂದು ಹೇಳುವಾಗ ಇದನ್ನೂ ನೆನೆಯಬೇಕು.

ಕಲ್ಲಿನ ಬಿಸಿ, ಕೇಳಿಸದ ಗಂಟೆ

ಗುಂಬಜನ್ನು ತಲುಪಿದಾಗ ಹತ್ತೂವರೆ ದಾಟಿತ್ತು. ಹೈದರಾಲಿ, ಫಕ್ರುನ್ನೀಸಾ ಮತ್ತು ಟಿಪ್ಪು ಸುಲ್ತಾನ್ ಅವರ ಸಮಾಧಿಗಳಿರುವ ಸ್ಥಳವಿದು. ನುಣುಪಾದ ಕರಿಗಲ್ಲಿನ ಕಂಬಗಳ ಸಾಲು ನೋಡತಕ್ಕದ್ದು. ಜಗಲಿಯನ್ನು ಏರುವ ಮುನ್ನ ಪಾದರಕ್ಷೆ ಕಳಚಬೇಕು. ವೈದ್ಯರು ಬೆಳಗ್ಗೆಯೇ ಎಲ್ಲರಿಗೂ ದಪ್ಪನೆಯ ಕಾಲುಚೀಲ ಧರಿಸಲು ಹೇಳಿದ್ದರು. ಶಿಕ್ಷಕರು ಮಾತ್ರ, ಪುಣ್ಯಸ್ಥಳಕ್ಕೆ ಬರಿಗಾಲಿನಲ್ಲೇ ಹೋಗುವುದು ರೂಢಿಯೆಂದು, ಅವುಗಳನ್ನೂ ಕಳಚಿ ಕಲ್ಲುಹಾಸಿನ ಮೇಲೆ ನಿಂತು ಗುಮ್ಮಟವನ್ನು ನೋಡತೊಡಗಿದರು. ಹಿಂದೆ ಬಂದ ಅವರ ಪತ್ನಿ ಕೈಯಿಂದ ಕಲ್ಲನ್ನು ಮುಟ್ಟಿ ಬೆಚ್ಚಿದರು.

"ರೀ, ಬೇಗ ಈಚೆ ಬನ್ನಿ, ಕಲ್ಲು ಕೆಂಡದ ಹಾಗಿದೆ!"

"ಹೌದೇ? ನನಗೇನೂ ಅನ್ನಿಸುತ್ತಿಲ್ಲವಲ್ಲ" ಎಂದರು ಶಿಕ್ಷಕರು.

ನೆರಳಿಗೆ ಕೂರಿಸಿ ನೋಡಿದಾಗ ಎರಡೂ ಅಂಗಾಲುಗಳು ಕೆಂಪೇರಿದ್ದವು. ಅದೃಷ್ಟವಶಾತ್ ಬೊಬ್ಬೆ ಎದ್ದಿರಲಿಲ್ಲ. ಬಾಟಲಿಯ ಶುದ್ಧವಾದ ನೀರನ್ನು ಬಹಳ ಹೊತ್ತು ಪಾದಗಳ ಮೇಲೆ ಹರಿಸಿ, ಒರೆಸಿ, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿದರು ವೈದ್ಯರು. ಅವರು ಹೇಳಿದ ಮಾತು ಎಲ್ಲ ಮಧುಮೇಹಿಗಳೂ ತಿಳಿಯಬೇಕಾದದ್ದು. ವರ್ಷಗಟ್ಟಲೆ ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಪಾದದ ನರಗಳು ಮೆಲ್ಲನೆ ಸೊರಗುತ್ತವೆ. ಬಿಸಿ, ನೋವು, ಮುಳ್ಳು ಯಾವುದೂ ತಿಳಿಯದಂತಾಗುತ್ತದೆ. ನೋವೆಂಬುದು ದೇಹ ಬಾರಿಸುವ ಎಚ್ಚರಿಕೆಯ ಗಂಟೆ. ಗಂಟೆಯೇ ಮೌನವಾದರೆ ಮನೆಗೆ ಬೆಂಕಿ ಬಿದ್ದುದು ತಿಳಿಯುವುದಾದರೂ ಹೇಗೆ? ಬೇಸಿಗೆಯಲ್ಲಿ ದೇವಾಲಯದ ಪ್ರಾಂಗಣದಲ್ಲಿ ಬರಿಗಾಲಿನಲ್ಲಿ ಪ್ರದಕ್ಷಿಣೆ ಮಾಡಿ, ಸಂಜೆ ಬೊಬ್ಬೆ ಕಂಡು, ಅದು ಹುಣ್ಣಾಗಿ, ಹುಣ್ಣು ಕೊಳೆತು ಬೆರಳನ್ನೋ ಪಾದವನ್ನೋ ಕಳೆದುಕೊಳ್ಳುವವರಿದ್ದಾರೆ. ಆದ್ದರಿಂದ ಮಧುಮೇಹಿಗಳು ದೇವರ ದರ್ಶನವನ್ನು ಬೆಳಗಿನ ತಂಪಿನಲ್ಲಿಯೇ ಮಾಡಬೇಕು, ಹತ್ತಿಯ ದಪ್ಪ ಕಾಲುಚೀಲ ಧರಿಸಬೇಕು, ದಿನವೂ ಮಲಗುವ ಮುನ್ನ ಅಂಗಾಲನ್ನು ಕನ್ನಡಿ ಹಿಡಿದು ನೋಡಿಕೊಳ್ಳಬೇಕು. ಕಾಲುಚೀಲದಿಂದ ಭಕ್ತಿಗೆ ಊನವಿಲ್ಲ. ದೇಹವನ್ನು ದೇವರ ನೆಲೆಯೆಂದು ಬಗೆದವರಿಗೆ ಪಾದವೂ ಆ ನೆಲೆಯ ಒಂದು ಭಾಗವೇ.

ನೀರು, ಉಪ್ಪು, ನೆರಳು

ಅಲ್ಲಿಗೆ ಮಧ್ಯಾಹ್ನದ ಸವಾರಿಯನ್ನು ನಿಲ್ಲಿಸಿ ಮರಗಳ ನೆರಳು ಸೇರಿದೆವು. ಕಟ್ಟಿ ತಂದಿದ್ದ ಮೊಸರನ್ನ, ಸೌತೆಕಾಯಿ, ಉಪ್ಪು ಬೆರೆಸಿದ ನೀರು ಮಜ್ಜಿಗೆಯ ಪ್ರಸಾದ ಸ್ವೀಕರಿಸಿ ನಾಲ್ಕು ಗಂಟೆಯವರೆಗೆ ವಿಶ್ರಮಿಸಿದೆವು. ಈ ಸೀಮೆಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ತಾಪಮಾನ 35 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಸಾಮಾನ್ಯ.

ಸೈಕಲ್ ಸವಾರಿಯಲ್ಲೊಂದು ಮೋಸವಿದೆ. ಎದುರು ಬೀಸುವ ಗಾಳಿ ಬೆವರನ್ನು ಕೂಡಲೇ ಆರಿಸುವುದರಿಂದ ಬೆವರಿದುದೇ ತಿಳಿಯುವುದಿಲ್ಲ. ಸೈಕಲ್ ನಿಂತೊಡನೆ ಮೈಯೆಲ್ಲ ನೀರಾಗುತ್ತದೆ. ಬಿಸಿಲಿನ ಶ್ರಮದಲ್ಲಿ ಗಂಟೆಗೆ ಒಂದು ಲೀಟರಿನಷ್ಟು ಬೆವರು ಹೋಗುವುದುಂಟು. ಅದರೊಡನೆ ಉಪ್ಪಿನ ಅಂಶವೂ ಹೋಗುತ್ತದೆ. ಬಾಯಾರಿಕೆಗೆ ಕಾಯದೆ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಕೆಲವು ಗುಟುಕು ಕುಡಿಯಬೇಕು. ಮೂತ್ರ ಗಾಢ ಹಳದಿಯಾದರೆ ನೀರು ಸಾಲದೆಂದು ಅರ್ಥ. ನಿತ್ರಾಣವಾದವರಿಗೆ ಓಆರ್‌ಎಸ್ ಪುಡಿಯ ದ್ರಾವಣ ಉತ್ತಮ. ಅದಿಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮತಟ್ಟು ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು ಬೆರೆಸಬಹುದು. ಮೂತ್ರಪಿಂಡದ ಕಾಯಿಲೆಯುಳ್ಳವರು ಎಳನೀರಿನಲ್ಲಿ ಪೊಟ್ಯಾಸಿಯಮ್ ಹೆಚ್ಚಿರುವುದನ್ನು ಮರೆಯಬಾರದು. ವೈದ್ಯರನ್ನು ಕೇಳಿಯೇ ಕುಡಿಯಬೇಕು.

ಸಂಗಮದ ಸಂಜೆ

ಬಿಸಿಲು ಇಳಿದ ಮೇಲೆ ಶಿಕ್ಷಕ ದಂಪತಿ ಆಟೋದಲ್ಲಿಯೂ ಉಳಿದವರು ಸೈಕಲ್ಲಿನಲ್ಲಿಯೂ ಸಂಗಮ ಸೇರಿದೆವು. ಎರಡು ಕವಲುಗಳು ಸದ್ದಿಲ್ಲದೆ ಕೂಡುವ ಆ ಸ್ಥಳ ಮನಸ್ಸಿಗೆ ಶಾಂತಿ ನೀಡುತ್ತದೆ. ಅಷ್ಟೇ ಅಪಾಯವೂ ಅಲ್ಲಿದೆ. ಬೆವರಿದ ಮೈಯಲ್ಲಿ ನೀರನ್ನು ಕಂಡು ಯುವಕರು ಒಮ್ಮೆಲೇ ಧುಮುಕಲು ಹಾತೊರೆಯುತ್ತಾರೆ. ಮೇಲೆ ಶಾಂತವಾಗಿ ಕಾಣುವ ನದಿಯ ತಳದಲ್ಲಿ ಗುಂಡಿಗಳೂ ಸೆಳವೂ ಇರುತ್ತವೆ. ಕಾವೇರಿಯ ಈ ಭಾಗದಲ್ಲಿ ಮೊಸಳೆಗಳೂ ಇವೆ. ನಮ್ಮ ವಿದ್ಯಾರ್ಥಿಗಳು ದಡದ ಮೆಟ್ಟಿಲ ಮೇಲೆ ಕುಳಿತು ಕೈಕಾಲು ಮುಖ ತೊಳೆದುಕೊಂಡು ತೃಪ್ತರಾದರು. ಮರಳುವಾಗ 1804ರಲ್ಲಿ ದಿವಾನ್ ಪೂರ್ಣಯ್ಯನವರ ಮೇಲ್ವಿಚಾರಣೆಯಲ್ಲಿ ಮುಗಿದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳನ್ನು ನೋಡಿ, ಆರೂವರೆಗೆ ಸವಾರಿ ಮುಗಿಸಿದೆವು.

ಹೊರಡುವವರಿಗೆ ಕೆಲವು ಸೂಚನೆಗಳು

1. ಬಿಸಿಲಿಗೆ ಮೈ ಒಗ್ಗಲು ಒಂದೆರಡು ವಾರ ಬೇಕು. ಪ್ರವಾಸಕ್ಕೆ ಮೊದಲು ಮನೆಯ ಬಳಿ ದಿನವೂ ಅರ್ಧ ಗಂಟೆ ತುಳಿದು ಅಭ್ಯಾಸ ಮಾಡಿರಿ.

2. ಹೃದ್ರೋಗ, ರಕ್ತದೊತ್ತಡ, ಮಧುಮೇಹ ಇದ್ದವರು ಮುಂಚೆಯೇ ವೈದ್ಯರ ಸಲಹೆ ಪಡೆಯಿರಿ. ಮೂತ್ರ ಹೆಚ್ಚಿಸುವ ಮಾತ್ರೆಗಳು ಬೇಸಿಗೆಯಲ್ಲಿ ನಿರ್ಜಲೀಕರಣವನ್ನು ಹೆಚ್ಚಿಸಬಲ್ಲವು. ತಾವಾಗಿಯೇ ಮಾತ್ರೆ ನಿಲ್ಲಿಸಬೇಡಿರಿ.

3. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರ ಜೇಬಿನಲ್ಲಿ ಸಕ್ಕರೆಯೋ ಗ್ಲೂಕೋಸೋ ಇರಲಿ. ಶ್ರಮದಿಂದ ಸಕ್ಕರೆ ಒಮ್ಮೆಲೇ ಇಳಿದರೆ ನಡುಕ, ಬೆವರು, ತಲೆ ತಿರುಗುವಿಕೆ ಕಾಣಿಸುತ್ತವೆ.

4. ತಲೆನೋವು, ವಾಕರಿಕೆ, ಸ್ನಾಯು ಸೆಳೆತ ಕಂಡರೆ ಅಲ್ಲಿಯೇ ನಿಲ್ಲಿಸಿ, ನೆರಳಿನಲ್ಲಿ ಮಲಗಿ, ನೀರು ಕುಡಿಯಿರಿ.

5. ಮಾತು ತೊದಲಿದರೆ, ಗೊಂದಲ ಅಥವಾ ಪ್ರಜ್ಞಾಹೀನತೆ ಕಂಡರೆ ಅದು ಬಿಸಿಲಾಘಾತ. ದೇಹದ ತಾಪ 40 ಡಿಗ್ರಿ ಸೆಲ್ಸಿಯಸ್ ಮೀರಿರಬಹುದು. ಕೂಡಲೇ 108ಕ್ಕೆ ಕರೆ ಮಾಡಿ, ಮೈಗೆಲ್ಲ ನೀರು ಸುರಿದು ಗಾಳಿ ಬೀಸಿರಿ. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು.

ದ್ವೀಪಕ್ಕೆ ನಾಲ್ಕೂ ದಿಕ್ಕಿನಲ್ಲಿ ನೀರಿನ ಗಡಿಯಿರುವಂತೆ ಶರೀರಕ್ಕೂ ಒಂದು ಗಡಿಯಿದೆ. ಅದನ್ನು ಅರಿತು ಅದರೊಳಗೆ ನಿತ್ಯವೂ ಚಲಿಸುತ್ತಿರುವುದೇ ಆರೋಗ್ಯ. ಅಂದಿನ ಸವಾರಿಯನ್ನು ನಡುವೆಯೇ ನಿಲ್ಲಿಸಿದ ನಮ್ಮ ಶಿಕ್ಷಕರು ಈಗ ಪ್ರತಿದಿನ ಬೆಳಗ್ಗೆ ಆರಕ್ಕೆ ತಮ್ಮ ಬಡಾವಣೆಯಲ್ಲಿ ಸೈಕಲ್ ತುಳಿಯುತ್ತಿದ್ದಾರೆ. ರಾತ್ರಿ ಅವರ ಪಾದಗಳನ್ನು ಪರೀಕ್ಷಿಸುವ ಕಾಯಕವನ್ನು ಅವರ ಪತ್ನಿ ವಹಿಸಿಕೊಂಡಿದ್ದಾರೆ. ಸದ್ಭಕ್ತರೆಲ್ಲರೂ ಈ ಬೇಸಿಗೆಯಲ್ಲಿ ತಮ್ಮ ತಮ್ಮ ಊರಿನ ತಂಪು ಹೊತ್ತನ್ನು ಹೀಗೆ ಬಳಸಿಕೊಳ್ಳಲಿ. ಅರವಟ್ಟಿಗೆ ನಡೆಸುವವರು ಮಜ್ಜಿಗೆಯ ಪಕ್ಕದಲ್ಲಿ ಒಂದಿಷ್ಟು ಓಆರ್‌ಎಸ್ ಪೊಟ್ಟಣಗಳನ್ನೂ ಇರಿಸಲಿ. ದಾರಿಹೋಕನ ಬಾಯಾರಿಕೆ ತಣಿಸುವ ದಾಸೋಹ ಒಂದು ಜೀವವನ್ನೂ ಉಳಿಸಬಹುದು.