ಬಿಳಿ ಸೆರಗು: ಯಾವಾಗ ಸಹಜ, ಯಾವಾಗ ರೋಗ?

"ಬಿಳಿ ಹೋಗುತ್ತಿದೆ, ಅದಕ್ಕೇ ಸೊಂಟನೋವು, ಸುಸ್ತು" ಎಂದು ವೈದ್ಯರೆದುರು ತಗ್ಗಿದ ದನಿಯಲ್ಲಿ ಹೇಳಿಕೊಳ್ಳುವ ಹೆಂಗಸರು ನಮ್ಮಲ್ಲಿ ಬಹಳ. ಮೂಳೆ ಕರಗಿ ಹೀಗೆ ಹರಿಯುತ್ತದೆ ಎಂದು ನಂಬಿದವರೂ ಇದ್ದಾರೆ. ಮೂಳೆಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಯೋನಿಯ ಗೋಡೆಯಲ್ಲಿ ದ್ರವ ಸುರಿಸುವ ಗ್ರಂಥಿಗಳಿಲ್ಲ. ಸುತ್ತಲಿನ ರಕ್ತನಾಳಗಳಿಂದ ಗೋಡೆಯ ಮೂಲಕ ಜಿನುಗುವ ನೀರಿನಂಶ, ಗರ್ಭಕೊರಳಿನ ಲೋಳೆ, ಉದುರಿದ ಹಳೆಯ ಜೀವಕೋಶಗಳು ಸೇರಿ ಅಲ್ಲಿನ ತೇವವಾಗುತ್ತದೆ. ಹರೆಯದಿಂದ ಮುಟ್ಟು ನಿಲ್ಲುವವರೆಗೆ ದಿನಕ್ಕೆ ಸುಮಾರು 1ರಿಂದ 4 ಮಿಲಿಲೀಟರ್ ಸ್ರಾವ ಸಹಜ. ಈಸ್ಟ್ರೋಜನ್ ಹಾರ್ಮೋನು ಗೋಡೆಯ ಜೀವಕೋಶಗಳಲ್ಲಿ ಗ್ಲೈಕೋಜನ್ ತುಂಬಿಡುತ್ತದೆ. ಅದರಿಂದ ಬರುವ ಸಕ್ಕರೆಯನ್ನು ಉಂಡು ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾಗಳು ಲ್ಯಾಕ್ಟಿಕ್ ಆಮ್ಲ ತಯಾರಿಸುತ್ತವೆ. ಮೊಸರಿಗೆ ಹುಳಿ ಕೊಡುವುದೂ ಇದೇ ಆಮ್ಲ. ಪಿಎಚ್ 3.8ರಿಂದ 4.5ರಷ್ಟಿರುವ ಆ ಹುಳಿಯಲ್ಲಿ ಹಲವು ರೋಗಾಣುಗಳು ಬೆಳೆಯಲಾರವು. ಈ ಕಾವಲು ಬ್ಯಾಕ್ಟೀರಿಯಾಗಳನ್ನು ಜರ್ಮನಿಯ ಸ್ತ್ರೀರೋಗ ತಜ್ಞ ಆಲ್ಬರ್ಟ್ ಡೋಡರ್ಲೈನ್ 1892ರಲ್ಲೇ ವಿವರಿಸಿದ್ದರು.

ತಿಂಗಳಿಡೀ ಸ್ರಾವ ಒಂದೇ ಬಗೆಯಲ್ಲಿರುವುದಿಲ್ಲ. ಅಂಡ ಬಿಡುಗಡೆಯ ಹೊತ್ತಿಗೆ ಮೊಟ್ಟೆಯ ಬಿಳಿಭಾಗದಂತೆ ತಿಳಿಯಾಗಿ, ಎಳೆದರೆ ದಾರದಂತೆ ಹಿಗ್ಗುತ್ತದೆ. ಆಮೇಲೆ ದಪ್ಪಗಾಗಿ ಕಡಿಮೆಯಾಗುತ್ತದೆ. ಬಸಿರಿನಲ್ಲಿ ಹೆಚ್ಚು. ಹಾಲೂಡಿಸುವಾಗ, ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿಯುವುದರಿಂದ ಒಣಗಿದಂತಾಗುತ್ತದೆ. ಉರಿ, ನೋವು ಇದ್ದರೆ ಸಹಿಸಿಕೊಂಡು ಕೂರಬೇಕಿಲ್ಲ, ಚಿಕಿತ್ಸೆಯಿದೆ.

ಸ್ವಚ್ಛತೆಯ ಹೆಸರಿನಲ್ಲಿ ಒಳಗೆ ಸೋಪು ಹಾಕಿ ತೊಳೆಯುವುದು ದೊಡ್ಡ ತಪ್ಪು. ಸೋಪು ಕ್ಷಾರ, ಒಳಗಿನ ಹುಳಿಯನ್ನೇ ಕೆಡಿಸುತ್ತದೆ. ಹೊರಭಾಗವನ್ನು ನೀರಿನಲ್ಲಿ ತೊಳೆದರೆ ಸಾಕು.

ಹಾಗೆಂದು ಎಲ್ಲವನ್ನೂ ಸಹಜವೆಂದು ಬಿಡುವಂತಿಲ್ಲ. ಒಡೆದ ಹಾಲಿನ ಗಟ್ಟಿಯಂಥ ಸ್ರಾವದೊಂದಿಗೆ ತಡೆಯಲಾರದ ತುರಿಕೆಯಿದ್ದರೆ ಅದು ಕ್ಯಾಂಡಿಡಾ ಶಿಲೀಂಧ್ರದ ಸೋಂಕಿರಬಹುದು. ಬೂದುಬಣ್ಣ, ಮೀನಿನ ವಾಸನೆ ಕಂಡರೆ ಬ್ಯಾಕ್ಟೀರಿಯಾಗಳ ಸಮತೋಲ ತಪ್ಪಿರಬಹುದು. ಹಳದಿ-ಹಸಿರು ನೊರೆ ಮಿಲನದಿಂದ ಹರಡುವ ಟ್ರೈಕೊಮೊನಾಸ್ ಸೋಂಕಿನಲ್ಲಿ ಕಾಣುತ್ತದೆ, ಆಗ ಗಂಡನಿಗೂ ಚಿಕಿತ್ಸೆ ಬೇಕು. ಲಕ್ಷಣಗಳು ಒಂದಕ್ಕೊಂದು ಬೆರೆಯುವುದರಿಂದ ಪರೀಕ್ಷೆಯಿಲ್ಲದೆ ಔಷಧದಂಗಡಿಯ ಮಾತ್ರೆ ನುಂಗುವುದು ಬೇಡ.

ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಗೋವಾದಲ್ಲಿ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಮುಖ ತೋರಿಸಿತು: ಬಿಳಿ ಸೆರಗಿನ ದೂರು ಸೋಂಕಿಗಿಂತಲೂ ಹೆಚ್ಚಾಗಿ ಮನಸ್ಸಿನ ಬಳಲಿಕೆಯೊಂದಿಗೆ ತಳಕು ಹಾಕಿಕೊಂಡಿತ್ತು. ಹಾಗಾಗಿ ಸುಸ್ತನ್ನು, ದುಗುಡವನ್ನು ವೈದ್ಯರು ಬೇರೆಯಾಗಿಯೇ ವಿಚಾರಿಸಬೇಕು.

ಜ್ವರ, ಕಿಬ್ಬೊಟ್ಟೆ ನೋವು, ಮಿಲನದ ನಂತರ ರಕ್ತ, ಬಸಿರಿನಲ್ಲಿ ನೀರು ಹೋದಂತಾಗುವುದು ಇವಕ್ಕೆಲ್ಲ ತಡಮಾಡಬೇಡಿ. ಮುಟ್ಟು ನಿಂತು ವರ್ಷ ಕಳೆದ ಮೇಲೆ ರಕ್ತದ ಒಂದು ಕಲೆ ಕಂಡರೂ ಸ್ತ್ರೀರೋಗ ತಜ್ಞರಿಗೆ ತೋರಿಸಿ.