ಬ್ರ್ಯಾಕೆಟ್ ಮುರಿಯುವುದು ಅಪರೂಪ, ಕಿತ್ತು ಬರುವುದೇ ಹೆಚ್ಚು

ಗೋಡೆಗೆ ಹೊಡೆದ ಹಲಗೆ ಪುಸ್ತಕಗಳ ಸಮೇತ ಕೆಳಗೆ ಬಂದರೆ ಮೊದಲು ಬೈಸಿಕೊಳ್ಳುವುದು ಮರ. ‘ತೇಗದ್ದೇ ಹಾಕಿಸಬೇಕಿತ್ತು’ ಎನ್ನುವವರು ಒಬ್ಬರಾದರೂ ಇರುತ್ತಾರೆ. ಬಿದ್ದ ಮರದ ಬ್ರ್ಯಾಕೆಟ್ಟನ್ನು ಎತ್ತಿ ನೋಡಿ. ಸಾಮಾನ್ಯವಾಗಿ ಅದು ಇಡಿಯಾಗಿಯೇ ಇರುತ್ತದೆ. ಜೊತೆಗೆ ಸ್ಕ್ರೂ, ಪ್ಲಗ್ಗು, ಒಂದಿಷ್ಟು ಗಾರೆ ಪುಡಿ.

ಹಲಗೆಯ ಭಾರ ಬರೀ ಕೆಳಕ್ಕೆ ಒತ್ತುತ್ತದೆ ಎಂದುಕೊಳ್ಳುವುದೇ ಎಡವಟ್ಟಿನ ಮೂಲ. ಭಾರ ಗೋಡೆಯಿಂದ ಆಚೆಗಿರುವುದರಿಂದ ಬ್ರ್ಯಾಕೆಟ್ ಮುಂದಕ್ಕೆ ವಾಲಲು ನೋಡುತ್ತದೆ. ಕೆಳತುದಿ ಗೋಡೆಗೆ ಒತ್ತಿಕೊಳ್ಳುತ್ತದೆ, ಮೇಲಿನ ಸ್ಕ್ರೂವನ್ನು ಹೊರಕ್ಕೆ ಎಳೆಯುತ್ತದೆ. ಹಲಗೆ 24 ಸೆಂ.ಮೀ. ಅಗಲ, ಒಂದು ಬ್ರ್ಯಾಕೆಟ್ಟಿನ ಪಾಲಿಗೆ 10 ಕೆ.ಜಿ. ಎನ್ನೋಣ. ಭಾರದ ನಡು ಗೋಡೆಯಿಂದ 12 ಸೆಂ.ಮೀ. ದೂರ. ಮೇಲಿನ ಸ್ಕ್ರೂ ಕೆಳತುದಿಯಿಂದ 10 ಸೆಂ.ಮೀ. ಎತ್ತರದಲ್ಲಿದ್ದರೆ ಅದರ ಮೇಲೆ 12 ಕೆ.ಜಿ.ಯಷ್ಟು ಎಳೆತ, 20 ಸೆಂ.ಮೀ. ಎತ್ತರದಲ್ಲಿದ್ದರೆ 6 ಕೆ.ಜಿ. ಮಾತ್ರ. ಮರ ಅದೇ, ಸ್ಕ್ರೂ ಅದೇ, ಎಳೆತ ಅರ್ಧ! ಬ್ರ್ಯಾಕೆಟ್ಟಿನ ಉದ್ದನೆಯ ಕಾಲು ಹಲಗೆಯ ಅಡಿಗೆ ಬರಬೇಕೆಂದು ಎಷ್ಟೋ ಜನ ನಂಬಿದ್ದಾರೆ. ಅದು ಬರಬೇಕಾದದ್ದು ಗೋಡೆಗೆ.

ಇನ್ನು ಸ್ಕ್ರೂವಿನ ಉದ್ದ. ಎರಡಿಂಚಿನದು ಧಾರಾಳವಾಯಿತು ಎನ್ನಿಸುತ್ತದೆ. ಲೆಕ್ಕ ಹಾಕಿ: ಬ್ರ್ಯಾಕೆಟ್ಟಿನ ರೀಪಿನ ದಪ್ಪ 2 ಸೆಂ.ಮೀ., ಗಾರೆ ಒಂದರಿಂದ ಒಂದೂವರೆ ಸೆಂ.ಮೀ. ಇಟ್ಟಿಗೆಗೆ ತಲುಪುವುದು ತುದಿಯಷ್ಟೇ. ಗಾರೆಗೆ ಹಿಡಿತವಿಲ್ಲ. ಪ್ಲಗ್ಗು ಗಾರೆಯನ್ನು ದಾಟಿ ಇಟ್ಟಿಗೆಯೊಳಗೆ ಕೂರಬೇಕು, ಸ್ಕ್ರೂ ಮೂರಿಂಚಿನದಾದರೆ ನೆಮ್ಮದಿ. ಟೊಳ್ಳು ಸಿಮೆಂಟ್ ಬ್ಲಾಕಿನ ಗೋಡೆಗೆ ಮಾಮೂಲಿ ಪ್ಲಗ್ಗು ಆಗದು, ಅದಕ್ಕೆಂದೇ ಬೇರೆ ಬರುತ್ತದೆ. ಸುತ್ತಿಗೆಯಲ್ಲಿ ಸ್ಕ್ರೂ ಬಡಿಯುವ ಚಾಳಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಡಿದ ಸ್ಕ್ರೂ ಮೊಳೆಗಿಂತ ದುಬಾರಿ, ಅಷ್ಟೇ.

ತೇಗದ ವಿಷಯಕ್ಕೆ ಬಂದರೆ, ಬ್ರ್ಯಾಕೆಟ್ಟಿಗೆ ಬೇಕಾದ ಶಕ್ತಿ ಹಲಸು, ಸಿಲ್ವರ್ ಓಕ್‌ಗಳಲ್ಲೂ ಇದೆ. ತೇಗಕ್ಕೆ ಕೊಡುವ ಹೆಚ್ಚಿನ ದುಡ್ಡಿಗೆ ಸಿಗುವುದು ಮುಖ್ಯವಾಗಿ ಗೆದ್ದಲಿನಿಂದ ರಕ್ಷಣೆ. ಅದೂ ಒಳಗಿನ ಕಂದು ತಿರುಳಿನಲ್ಲಿ ಮಾತ್ರ. ಹೊರಗಿನ ಬಿಳಿ ಭಾಗವನ್ನು ಗೆದ್ದಲು ಬಿಡುವುದಿಲ್ಲ. ಜಾತಿಗಿಂತ ಮುಖ್ಯ, ಮರ ಒಣಗಿದೆಯೇ ಎಂಬುದು. ಹಸಿಮರ ಒಣಗುತ್ತಾ ಅಡ್ಡಕ್ಕೆ ಕುಗ್ಗುತ್ತದೆ, ಬಿಗಿದ ಕೂಡಿಕೆ ಸಡಿಲವಾಗುತ್ತದೆ.

ಒಂದೇ ಹಲಗೆಯಲ್ಲಿ ತ್ರಿಕೋನ ಕತ್ತರಿಸಿದರೆ ಜೋಡಿಸುವ ತಾಪತ್ರಯವಿಲ್ಲ, ಗಟ್ಟಿಯೂ ಹೌದು ಎಂಬ ಮಾತು ಅರ್ಧ ಸತ್ಯ. ಮರದ ನಾರು ಓರೆ ಅಂಚಿನ ಉದ್ದಕ್ಕೂ ಹರಿದಿದ್ದರೆ ಸರಿ. ಮೂಲೆಯ ಬಳಿ ನಾರು ತುಂಡುತುಂಡಾಗಿ ಬಂದರೆ ಅಲ್ಲೇ ಸೀಳುತ್ತದೆ. ಮೂರು ರೀಪುಗಳಲ್ಲಿ ಮಾಡಿದರೆ ಈ ತಲೆನೋವಿಲ್ಲ: ಒಂದೊಂದರ ನಾರೂ ಅದರ ಉದ್ದಕ್ಕೇ ಇರುತ್ತದೆ. ಆದರೆ ಕತ್ತರಿಸಿದ ತುದಿಗೆ ಫೆವಿಕಾಲ್ ಹಚ್ಚಿ ಅಂಟಿಸಿಬಿಟ್ಟರೆ ಸಾಲದು. ತುದಿ ಅಂಟನ್ನು ಹೀರಿಬಿಡುತ್ತದೆ. ಎರಡೂ ರೀಪುಗಳಲ್ಲಿ ಅರ್ಧರ್ಧ ಕಚ್ಚು ತೆಗೆದು ಒಂದರೊಳಗೊಂದು ಕೂರಿಸಿ, ಆಮೇಲೆ ಅಂಟು, ಸ್ಕ್ರೂ.

ಬ್ರ್ಯಾಕೆಟ್‌ಗಳು ಹಲಗೆಯ ಎರಡು ತುದಿಗೇ ಇರಬೇಕು, ಆಗಲೇ ಚಂದ ಎಂಬ ಹಟ ಇನ್ನೊಂದು. ಚಂದವಿರಬಹುದು, ನಡು ಜೋಲುತ್ತದೆ. ಒಂದು ಮೀಟರ್ ಹಲಗೆಯಲ್ಲಿ ಅವನ್ನು ತುದಿಯಿಂದ 20 ಸೆಂ.ಮೀ. ಒಳಕ್ಕೆ ತನ್ನಿ. ಭಾರ ಸಮನಾಗಿ ಹರಡಿದ್ದರೆ ಜೋಲು ಹತ್ತನೇ ಒಂದು ಪಾಲಿಗಿಂತ ಕಡಿಮೆಯಾಗುತ್ತದೆ. ಪಾರ್ಟಿಕಲ್ ಬೋರ್ಡಿನ ಹಲಗೆಯಾದರೆ ಇದನ್ನು ಮೊದಲೇ ಮಾಡಬೇಕು. ವರ್ಷಗಟ್ಟಲೆ ಪುಸ್ತಕ ಹೊತ್ತು ಒಮ್ಮೆ ಬಾಗಿದರೆ, ಭಾರ ಇಳಿಸಿದರೂ ಅದು ಪೂರ್ತಿ ನೆಟ್ಟಗಾಗುವುದಿಲ್ಲ.