ಹಳತೋ, ಹೊಸತೋ?

ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನಲ್ಲಿ ಕುಬಿಹಾಳವೆಂಬ ಗ್ರಾಮವಿದೆ. ಅಲ್ಲಿಯ ರೈತನಿಗೆ ಬೆಳೆಸಾಲ ಬೇಕಾದರೆ ಹೊಲದ ಪಹಣಿ ಪತ್ರ ಬೇಕು. ಹಿಂದೆ ತಲಾಠಿಗಳು ದಪ್ಪ ಪುಸ್ತಕವನ್ನು ನೋಡಿ ಅದನ್ನು ಕೈಯಿಂದ ಬರೆದು ಕೊಡುತ್ತಿದ್ದರು. ಕರ್ನಾಟಕ ಸರಕಾರದ ‘ಭೂಮಿ’ ಯೋಜನೆಯಿಂದ ಪಹಣಿಗಳು ಗಣಕಯಂತ್ರವನ್ನು ಸೇರಿದ ಮೇಲೆ ಮುದ್ರಿತ ಪ್ರತಿಯು ಸ್ವಲ್ಪ ಹೊತ್ತಿನಲ್ಲಿಯೇ ಕೈಸೇರುವಂತಾಯಿತು. ಆದರೂ ಇಂತಹ ಕೆಲಸಕ್ಕೆ ಹೋದಾಗ, “ಇಂದು ಸರ್ವರ್ ಇಲ್ಲ, ನಾಳೆ ಬನ್ನಿ” ಎಂಬ ಮಾತು ಕೆಲವೊಮ್ಮೆ ಕೇಳಿಬರುವುದುಂಟು. ಬಿತ್ತನೆಯ ಹದ ಮೀರುತ್ತಿರುವಾಗ ರೈತನಿಗೆ ಒಂದು ದಿನವೂ ಚಿಕ್ಕದಲ್ಲ. ಅವನನ್ನು ಹೀಗೆ ಕಾಯಿಸುವ ಈ ಸರ್ವರ್ ಎಂದರೇನು?

ಮಾಹಿತಿಯನ್ನು ಕಾಪಿಟ್ಟುಕೊಂಡು, ದೂರದಿಂದ ಕೇಳಿದವರಿಗೆ ಅದನ್ನು ಅಂತರಜಾಲದ ಮೂಲಕ ಕಳುಹಿಸುವ ಗಣಕಯಂತ್ರವೇ ಸರ್ವರ್. ಆದರೆ ಬರಿಯ ಯಂತ್ರದಿಂದ ಈ ಕೆಲಸವಾಗದು. ಕೇಳಿದವರು ಯಾರು, ಕೇಳಿದ್ದು ಏನು, ಅದನ್ನು ಕೊಡಬಹುದೋ ಕೊಡಬಾರದೋ ಎಂಬುದನ್ನು ನಿರ್ಣಯಿಸುವ ಸೂಚನೆಗಳು ಅದಕ್ಕೆ ಬೇಕು. ಆ ಸೂಚನೆಗಳ ಸಮೂಹವೇ ಸರ್ವರ್ ತಂತ್ರಾಂಶ. ಯಂತ್ರವನ್ನು ಉಗ್ರಾಣವೆಂದು ಭಾವಿಸಿದರೆ, ತಂತ್ರಾಂಶವು ಅದರ ಬಾಗಿಲಲ್ಲಿ ಕುಳಿತ ಉಗ್ರಾಣಿ.

ತಂತ್ರಾಂಶವು ಒಮ್ಮೆ ಬರೆದು ಮುಗಿಸಿಬಿಡುವ ವಸ್ತುವಲ್ಲ. ದೋಷಗಳನ್ನು ತಿದ್ದಿ, ಹೊಸ ಸೌಕರ್ಯಗಳನ್ನು ಸೇರಿಸಿ, ಅದನ್ನು ಮತ್ತೆ ಮತ್ತೆ ಹೊರತರುತ್ತಾರೆ. ಹೀಗೆ ಹೊರಬಂದ ಒಂದೊಂದು ರೂಪವೂ ಒಂದೊಂದು ಆವೃತ್ತಿ. ಒಗ್ಗಿಹೋದ ಹಳೆಯ ಆವೃತ್ತಿಯಲ್ಲಿಯೇ ಉಳಿಯಬೇಕೋ, ಹೊಸದಕ್ಕೆ ಹೋಗಬೇಕೋ ಎಂಬುದು ಸರ್ವರನ್ನು ನೋಡಿಕೊಳ್ಳುವವರನ್ನು ಸದಾ ಕಾಡುವ ಪ್ರಶ್ನೆ. ಇದಕ್ಕೆ ‘ಅಪಾಚೆ’ ಎಂಬ ಪ್ರಸಿದ್ಧ ಸರ್ವರ್ ತಂತ್ರಾಂಶದ ಚರಿತ್ರೆಯು ಒಳ್ಳೆಯ ಪಾಠವಾಗಿದೆ.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ರಾಬ್ ಮೆಕೂಲ್ ಎಂಬವರು ಒಂದು ಸರ್ವರ್ ತಂತ್ರಾಂಶವನ್ನು ರಚಿಸಿದ್ದರು. 1994ರಲ್ಲಿ ಅವರು ಆ ಕೆಲಸವನ್ನು ಬಿಟ್ಟು ಹೋದಾಗ ಅದರ ಬೆಳವಣಿಗೆಯು ನಿಂತುಹೋಯಿತು. ಅದನ್ನು ಬಳಸುತ್ತಿದ್ದವರು ಕಂಡ ಕಂಡ ದೋಷಗಳಿಗೆ ತಾವೇ ತೇಪೆ ಹಚ್ಚಿಕೊಳ್ಳತೊಡಗಿದರು. 1995ರಲ್ಲಿ ಅವರಲ್ಲಿ ಎಂಟು ಮಂದಿ ಒಂದುಗೂಡಿ, ಚದುರಿದ್ದ ತೇಪೆಗಳನ್ನೆಲ್ಲ ಕೂಡಿಸಿ ಅಪಾಚೆಯನ್ನು ಹೊರತಂದರು. ಅದರ 1.3 ಎಂಬ ಆವೃತ್ತಿಯು 1998ರಲ್ಲಿ ಬಂದು ಬಹು ಜನಪ್ರಿಯವಾಯಿತು.

2002ರಲ್ಲಿ 2.0 ಆವೃತ್ತಿಯು ಬಂದಿತು. ಹಳೆಯದರಲ್ಲಿ, ಒಬ್ಬೊಬ್ಬ ಅತಿಥಿಗೂ ಒಬ್ಬೊಬ್ಬ ಬಡಿಸುವವನು ನಿಂತಂತೆ, ಒಂದೊಂದು ಕೋರಿಕೆಗೂ ಪ್ರತ್ಯೇಕ ವ್ಯವಸ್ಥೆ ಇರುತ್ತಿತ್ತು. ಹೊಸದರಲ್ಲಿಯೋ ಒಬ್ಬನೇ ಇಡಿಯ ಪಂಕ್ತಿಗೆ ಬಡಿಸುವ ಕ್ರಮವನ್ನೂ ಅಳವಡಿಸಿಕೊಳ್ಳಬಹುದಾಗಿತ್ತು. ಇದರಿಂದ ಯಂತ್ರದ ಸ್ಮೃತಿಯ ಮೇಲಣ ಹೊರೆ ತಗ್ಗುತ್ತಿತ್ತು. ಆದರೂ ಅನೇಕರು ವರ್ಷಗಟ್ಟಲೆ ಹಳೆಯದನ್ನು ಬಿಡಲಿಲ್ಲ. ಹಳೆಯದಕ್ಕೆಂದು ಬರೆದ ಉಪಾಂಗಗಳನ್ನು ಹೊಸದಕ್ಕಾಗಿ ತಿದ್ದಿ ಬರೆಯಬೇಕಾಗಿತ್ತು. ಜಾಲತಾಣಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿದ್ದ ಪಿ.ಎಚ್.ಪಿ. ಭಾಷೆಯ ನಿರ್ಮಾಪಕರೇ ಈ ಪಂಕ್ತಿಯ ಕ್ರಮವು ತಮ್ಮ ಭಾಷೆಯೊಡನೆ ಬೇಡವೆಂದು ಎಚ್ಚರಿಸಿದ್ದರು.

ಹಳೆಯದರಲ್ಲಿ ಉಳಿದವರು ಮೂಢರೇ? ಅಲ್ಲ. ಆ ಕಾಲದಲ್ಲಿ ಹಳೆಯ ಆವೃತ್ತಿಗೂ ತೇಪೆಗಳು ಬರುತ್ತಲೇ ಇದ್ದವು. ಆದರೆ 2010ರ ಫೆಬ್ರವರಿಯಲ್ಲಿ 1.3ರ ಕಡೆಯ ತಿದ್ದುಪಡಿಯು ಹೊರಬಂದು, ಅದರ ಪೋಷಣೆಯು ಕೊನೆಗೊಂಡಿತು. ಅಲ್ಲಿಂದ ಮುಂದೆ ಅದರಲ್ಲಿಯೇ ಉಳಿಯುವುದು ವಿವೇಕವಾಗಲಿಲ್ಲ. ಪೋಷಣೆಯಿಲ್ಲದ ತಂತ್ರಾಂಶದಲ್ಲಿ ಬಿರುಕೊಂದು ಕಂಡುಬಂದರೆ ಅದು ದುಷ್ಕರ್ಮಿಗಳಿಗೂ ತಿಳಿಯುತ್ತದೆ. ಮುಚ್ಚುವವರು ಮಾತ್ರ ಇರುವುದಿಲ್ಲ.

ಹಾಗಾದರೆ ಹೊಸದೆಲ್ಲವೂ ನಿರ್ಭಯವೇ? ಅದೂ ಅಲ್ಲ. 2021ರ ಸೆಪ್ಟೆಂಬರಿನಲ್ಲಿ ಬಂದ 2.4.49 ಆವೃತ್ತಿಯಲ್ಲಿ ಹೊಸದಾಗಿ ದೋಷವೊಂದು ನುಸುಳಿತ್ತು. ಸಾಕಷ್ಟು ನಿರ್ಬಂಧಗಳನ್ನು ಹಾಕದಿದ್ದ ಸರ್ವರುಗಳಲ್ಲಿ, ಹೊರಗಿನವರು ಉಗ್ರಾಣಿಯನ್ನು ವಂಚಿಸಿ ತಮಗೆ ಸಲ್ಲದ ಕಡತಗಳನ್ನೂ ಪಡೆಯಬಹುದಾಗಿತ್ತು. ಅಕ್ಟೋಬರ್ 4ರಂದು ಬಂದ 2.4.50ರ ತಿದ್ದುಪಡಿಯು ಸಾಲದೆ, ಮೂರೇ ದಿನಗಳಲ್ಲಿ 2.4.51 ಬರಬೇಕಾಯಿತು. ಇದಕ್ಕೆ ಹಿಂದಿನ 2.4.48ರಲ್ಲಿ ಈ ದೋಷವಿರಲಿಲ್ಲ. ಹಾಗೆಂದು ಅದರಲ್ಲಿಯೇ ನಿಲ್ಲುವಂತೆಯೂ ಇರಲಿಲ್ಲ. ಅದರಲ್ಲಿದ್ದ ಬೇರೆ ದೋಷಗಳನ್ನು ತಿದ್ದಲೆಂದೇ ಹೊಸದು ಬಂದಿತ್ತು!

ಆದುದರಿಂದ ವಯಸ್ಸೊಂದನ್ನೇ ನೋಡಿ ಆಯ್ಕೆ ಮಾಡಲಾಗದು. ಈ ಆವೃತ್ತಿಯನ್ನು ತಿದ್ದಿ ಪೋಷಿಸುವವರು ಇನ್ನೂ ಇದ್ದಾರೆಯೇ? ಇದನ್ನು ಆಧರಿಸಿದ ಇತರ ತಂತ್ರಾಂಶಗಳು ಹೊಸದರೊಡನೆ ಹೊಂದಿಕೊಳ್ಳುವವೇ? ಬದಲಾವಣೆಯು ಕೆಟ್ಟರೆ ಹಿಂದಿರುಗುವ ದಾರಿ ಇದೆಯೇ? ಈ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಅನುಭವಿಯಾದ ರೈತನು ಹೊಸ ಬೀಜ ಬಂದಿತೆಂದು ಹೊಲವನ್ನೆಲ್ಲ ಅದರಿಂದಲೇ ಬಿತ್ತುವುದಿಲ್ಲ. ಮೊದಲು ಒಂದು ಅಂಚಿನಲ್ಲಿ ಬಿತ್ತಿ, ತನ್ನ ಮಣ್ಣಿಗೂ ಮಳೆಗೂ ಅದು ಒಗ್ಗುವುದೇ ಎಂದು ನೋಡುತ್ತಾನೆ. ಮನೆಯ ಬೀಜವನ್ನೂ ಕಾದಿಡುತ್ತಾನೆ. ಅಂತೆಯೇ ಸರ್ವರನ್ನು ನೋಡಿಕೊಳ್ಳುವವರೂ ಮಾಹಿತಿಯ ನಕಲನ್ನು ತೆಗೆದಿಟ್ಟು, ಹೊಸ ಆವೃತ್ತಿಯನ್ನು ಬೇರೊಂದು ಯಂತ್ರದಲ್ಲಿ ಪರೀಕ್ಷಿಸಿ, ಬಳಿಕವೇ ಬಳಕೆಗೆ ತರಬೇಕು.

ಪಹಣಿಗಾಗಿ ಸಾಲಿನಲ್ಲಿ ನಿಂತ ಕುಬಿಹಾಳದ ರೈತನಿಗೆ ಆವೃತ್ತಿಗಳ ಸಂಖ್ಯೆ ತಿಳಿಯದು; ತಿಳಿಯಬೇಕಾಗಿಯೂ ಇಲ್ಲ. ಆದರೆ ಅವನ ಹೊಲದ ದಾಖಲೆ ಭದ್ರವಾಗಿರುವುದೂ, ಅದು ಹೊತ್ತಿಗೆ ಸರಿಯಾಗಿ ಅವನ ಕೈಸೇರುವುದೂ, ಕಾಣದ ಊರಿನಲ್ಲಿ ಕುಳಿತು ಈ ಆಯ್ಕೆಯನ್ನು ಮಾಡುವವರ ಎಚ್ಚರವನ್ನು ಅವಲಂಬಿಸಿವೆ.